ವಿರಾಮವಿಲ್ಲದ ಆಟ

ಟಿವಿಯ ನಡುವೆ ಬಿಳಿ ಚಕ್ರ ಸುತ್ತತೊಡಗಿತೆಂದರೆ ಮನೆಯಲ್ಲಿ ಯಾರಾದರೊಬ್ಬರು ಓಡಬೇಕಿತ್ತು. ಓಡಬಲ್ಲವಳು ಸೊಸೆಯೊಬ್ಬಳೇ. ಹೊಲಿಗೆ ಯಂತ್ರದ ಮುಂದೆ ಕೂತಿರಲಿ, ಪಾತ್ರೆ ಉಜ್ಜುತ್ತಿರಲಿ, ಅವಳ ಒಂದು ಕಿವಿ ಹಜಾರದಲ್ಲೇ ಇರುತ್ತಿತ್ತು. ಸಿನಿಮಾದ ಮಾತು ಗಕ್ಕನೆ ನಿಂತರೆ ಸಾಕು, ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಏಳುತ್ತಿದ್ದಳು.

ಆ ಮಧ್ಯಾಹ್ನ ಶಾಲೆಯ ಸಮವಸ್ತ್ರಕ್ಕೆ ಕಾಲರು ಕೂಡಿಸುತ್ತಿದ್ದಳು. ಪರದೆಯ ಮೇಲೆ ನಾಯಕಿ ಏನೋ ಹೇಳಲು ಬಾಯಿ ತೆರೆದವಳು ತೆರೆದಂತೆಯೇ ನಿಂತುಬಿಟ್ಟಳು. ಅವಳ ಮೂಗಿನ ಮೇಲೆ ಚಕ್ರ ಸುತ್ತತೊಡಗಿತು.

"ನಿಂತ್ಹೋಯ್ತು! ದೀಪ ಆರ್ಸು! ಸುಟ್ಟುಹೋಗತ್ತೆ, ದೀಪ ಆರ್ಸು!"

ಮಾವ ಕುರ್ಚಿಯಿಂದ ಎದ್ದಾಗಿತ್ತು. ಸೊಸೆ ತಲುಪುವಷ್ಟರಲ್ಲಿ ಅವರ ಕೈ ಟಿವಿಯ ಹಿಂದಿನ ವೈರುಗಳ ಗೊಂಚಲಿನಲ್ಲಿತ್ತು. ಅವಳು ಹಿಂದಿನಿಂದ ಎರಡೂ ಮಣಿಕಟ್ಟು ಹಿಡಿದುಕೊಂಡಳು.

"ಆರ್ಸಿದೀನಿ ಮಾವ, ಆರ್ಸಿದೀನಿ. ಏನೂ ಸುಟ್ಟಿಲ್ಲ. ಬನ್ನಿ, ಒಂಚೂರು ನೀರು ಕುಡೀರಿ."

"ಜನ ಕೂಗ್ತಿದಾರಾ?"

"ಇಲ್ಲ, ಸುಮ್ನೆ ಕೂತಿದಾರೆ."

"ಹೌಸ್‌ಫುಲ್ಲಾ?"

"ಹೌಸ್‌ಫುಲ್ಲು ಮಾವ."

ಮಾವ ತಮ್ಮ ಆಯುಷ್ಯದ ಬಹುಪಾಲನ್ನು ಕಳೆದದ್ದು ಒಂದು ಚಿತ್ರಮಂದಿರದ ಕ್ಯಾಬಿನ್‌ನಲ್ಲಿ, ಸಿನಿಮಾ ಓಡಿಸುವ ಯಂತ್ರದ ಪಕ್ಕದಲ್ಲಿ. ಬೀದಿಯವರೆಲ್ಲ ಅವರನ್ನು ಆಪರೇಟರ್ ಎಂದೇ ಕರೆಯುತ್ತಿದ್ದರು. ಚಿತ್ರಮಂದಿರ ಮುಚ್ಚಿ ಅಲ್ಲಿ ಹಾಸಿಗೆ-ಸೋಫಾ ಮಾರುವ ಅಂಗಡಿ ಬಂದಿತ್ತು. ಮಾವನ ತಲೆಯೊಳಗೆ ಮಾತ್ರ ಆಟ ನಿಂತಿರಲಿಲ್ಲ. ಮಗನ ಹೆಸರು ಮರೆತಿತ್ತು, ಹೆಂಡತಿ ತೀರಿಕೊಂಡದ್ದು ಮರೆತಿತ್ತು. ಚಲಿಸುವ ರೀಲು ನಿಂತರೆ ಅದರ ಹಿಂದಿನ ದೀಪದ ಶಾಖಕ್ಕೆ ಕ್ಷಣದಲ್ಲಿ ಸುಟ್ಟು ರಂಧ್ರವಾಗುತ್ತದೆ, ಕೆಲವೊಮ್ಮೆ ಇಡೀ ಕ್ಯಾಬಿನ್ನೇ ಹೊತ್ತಿಕೊಳ್ಳುತ್ತದೆ ಎನ್ನುವುದು ಮರೆತಿರಲಿಲ್ಲ. ಉಳಿದವರಿಗೆ ಬೇಸರ ತರಿಸುವ ಚಕ್ರ ಅವರಿಗೆ ಬೆಂಕಿಯ ಸೂಚನೆ.

ಟಿವಿಗೆ ಇಂಟರ್ನೆಟ್ ಹಾಕಿಸಿದ್ದು ಅವರಿಗಾಗಿಯೇ. ಹಳೆಯ ಕಪ್ಪು-ಬಿಳುಪು ಸಿನಿಮಾಗಳು ಬೆಳಗಿನಿಂದ ಸಂಜೆವರೆಗೆ ಸಿಗುತ್ತಿದ್ದವು. ಮಾವ ಕಥೆ ನೋಡುತ್ತಿರಲಿಲ್ಲ. ನಾಯಕ ಅಳಲಿ, ಖಳನಾಯಕ ನಗಲಿ, ಅವರ ಕಣ್ಣು ಪರದೆಯ ಬಲಮೇಲಿನ ಮೂಲೆಯಲ್ಲಿ. ರೀಲು ಮುಗಿಯುವ ಮೊದಲು ಅಲ್ಲೊಂದು ಚುಕ್ಕೆ ಮಿಂಚಿ ಮಾಯವಾಗುತ್ತದಂತೆ. ಆಗ ಮುಂದಿನ ರೀಲು ಹಾಕಿಟ್ಟ ಎರಡನೆಯ ಯಂತ್ರಕ್ಕೆ ಚಾಲನೆ ಕೊಡಬೇಕಂತೆ. ಚುಕ್ಕೆ ಕಂಡಾಗಲೆಲ್ಲ ಮಾವನ ಬಲಗೈ ಗಾಳಿಯಲ್ಲಿ ಏನನ್ನೋ ತಿರುಗಿಸುತ್ತಿತ್ತು. ಅದು ನಡೆಯುತ್ತಿದ್ದಷ್ಟು ಹೊತ್ತು ಅವರು ಸುಖಿ. ಸೊಸೆಗೂ ನಾಲ್ಕು ಕಾಲರು ಕೂಡಿಸಲು ಪುರುಸೊತ್ತು.

ಮೊದಮೊದಲು ಚಕ್ರ ಅಪರೂಪಕ್ಕೆ ಬರುತ್ತಿತ್ತು. ಬಂದಾಗ ಮಾವ ಎದ್ದು, ಗೂಡಿನಲ್ಲಿದ್ದ ಇಂಟರ್ನೆಟ್ ಪೆಟ್ಟಿಗೆಯ ಹಸಿರು ದೀಪ ಕಂಡು, ಅದನ್ನೇ ಕಿತ್ತು ಕೈಗೆ ತೆಗೆದುಕೊಳ್ಳುತ್ತಿದ್ದರು. ಹೀಗಾಗಿ ಸೊಸೆ ಪೆಟ್ಟಿಗೆಯನ್ನು ಅವರಿಗೆ ಕಾಣದ ಹಾಗೆ ಬೇರೆ ಕಡೆಗೆ ಸಾಗಿಸಿದಳು. ಆಮೇಲೆ ಅದೇನು ಗ್ರಹಚಾರವೋ, ಚಕ್ರ ಹೊತ್ತಿಗೊಮ್ಮೆ ಬರತೊಡಗಿತು. ಕಳೆದ ವಾರ ಅವಳು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಮಾವ ಹೊಲಿಗೆ ಮೇಜಿನ ಕತ್ತರಿ ತಂದು, ಹರಿದ ರೀಲನ್ನು ಕತ್ತರಿಸಿ ಅಂಟಿಸುವ ಶ್ರದ್ಧೆಯಿಂದ, ಟಿವಿಯ ಕರೆಂಟಿನ ವೈರನ್ನೇ ಕತ್ತರಿಸಿದ್ದರು. ಟಪ್ಪೆಂದು ಕಿಡಿ ಹಾರಿ ಮನೆಯೆಲ್ಲ ಕತ್ತಲಾಗಿತ್ತು. ಪುಣ್ಯಕ್ಕೆ ಬೆರಳ ತುದಿಗೆ ಬೊಬ್ಬೆ ಬಂದದ್ದಷ್ಟೇ.

ಆ ಬೊಬ್ಬೆಯ ಸುದ್ದಿ ಅತ್ತಿಗೆಗೆ ಮುಟ್ಟಿತು. ಅತ್ತಿಗೆ ಎಂದರೆ ಮಾವನ ಮಗಳು, ಗಂಡನಿಗೆ ಅಕ್ಕ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮಾತು ಸೂಜಿಯ ಹಾಗೆ, ಚುಚ್ಚಿದ ಮೇಲೇ ಗೊತ್ತಾಗುವುದು.

"ನೋಡಮ್ಮ, ನಾನು ನಿನ್ನ ಬೈತಾ ಇಲ್ಲ," ಎಂದಿದ್ದಳು ಫೋನಿನಲ್ಲಿ. ಬೈಯುವಾಗ ಅವಳು ಮೊದಲು ಹೇಳುವುದೇ ಅದು. "ಒಂದು ಆರೈಕೆ ಕೇಂದ್ರದಲ್ಲಿ ಮಾತಾಡಿದೀನಿ. ಹಾಸಿಗೆ ಖಾಲಿ ಇದೆ. ಭಾನುವಾರ ಬಂದು ಕೂತು ನೋಡ್ತೀನಿ. ನನ್ನ ಕಣ್ಮುಂದೆ ಒಂದೇ ಒಂದ್ಸಲ ಎದ್ದು ವೈರಿಗೆ ಕೈ ಹಾಕಿದ್ರೆ, ಸೋಮವಾರ ಕರ್ಕೊಂಡು ಹೋಗ್ತೀನಿ. ಸುಟ್ಟ ಮೇಲೆ ಅತ್ತು ಏನು ಪ್ರಯೋಜನ?"

ಲಾರಿ ಓಡಿಸುತ್ತ ದೂರದಲ್ಲಿದ್ದ ಗಂಡನಿಗೆ ಹೇಳಿದರೆ, "ಅಕ್ಕ ಹೇಳೋದೂ ಸರಿ, ನೀನು ಹೇಳೋದೂ ಸರಿ," ಎಂದ.

"ಹಂಗಾದ್ರೆ ನೀವು ಹೇಳೋದೇನು?"

"ಮುಂದೆ ಚೆಕ್‌ಪೋಸ್ಟ್ ಬಂತು, ಆಮೇಲೆ ಮಾಡ್ತೀನಿ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಸೊಸೆ ಆ ಆರೈಕೆ ಕೇಂದ್ರವನ್ನು ನೋಡಿದ್ದಳು. ಕೆಟ್ಟ ಜಾಗವೇನಲ್ಲ. ನೆಲ ಹೊಳೆಯುತ್ತಿತ್ತು, ದಾದಿಯರು ನಗುಮೊಗದವರೇ. ಗೋಡೆಯ ಮೇಲೊಂದು ದೊಡ್ಡ ಟಿವಿ, ಎದುರಿಗೆ ಸಾಲಾಗಿ ಕೂತ ಮುದುಕರು, ಟಿವಿಗೆ ಧ್ವನಿಯಿಲ್ಲ. ಅಲ್ಲಿ ಚಿತ್ರ ನಿಂತರೆ ಮಾವ ಎದ್ದು ಕೂಗುತ್ತಾರೆ. ಯಾಕೆ ಕೂಗುತ್ತಾರೆ ಎನ್ನುವುದು ಯಾರಿಗೂ ತಿಳಿಯುವುದಿಲ್ಲ. ಮಲಗಿಸುವ ಮಾತ್ರೆ ಕೊಡುತ್ತಾರೆ. ಭಾನುವಾರದೊಳಗೆ ಆ ಚಕ್ರ ತೊಲಗಬೇಕು. ಅಷ್ಟಾದರೆ ಮಾವ ಉಳಿದುಕೊಳ್ಳುತ್ತಾರೆ.

ಇಂಟರ್ನೆಟ್ ಕಂಪನಿಗೆ ಫೋನು ಮಾಡಿದಳು. "ಒಮ್ಮೆ ಆಫ್ ಮಾಡಿ ಆನ್ ಮಾಡಿ," ಎಂದರು. ಮಾಡಿದಳು. ಇನ್ನೊಬ್ಬರು, "ನಿಮ್ಮ ವೈಫೈ ಬೇರೆ ಯಾರಾದರೂ ಬಳಸ್ತಿದಾರಾ?" ಎಂದರು. ಪಕ್ಕದ ಮನೆಯಾಕೆಗೆ ಹಿಂದೊಮ್ಮೆ ಪಾಸ್‌ವರ್ಡ್ ಹೇಳಿದ್ದು ನೆನಪಾಗಿ ಬದಲಾಯಿಸಿದಳು. ಚಕ್ರ ಹೋಗಲಿಲ್ಲ, ಪಕ್ಕದ ಮನೆಯಾಕೆ ಮಾತು ಬಿಟ್ಟದ್ದೊಂದೇ ಲಾಭ. ಮತ್ತೊಬ್ಬರು, "ಚಿತ್ರದ ಗುಣಮಟ್ಟ ಕಡಿಮೆ ಮಾಡಿ ನೋಡಿ, ಸರಾಗ ಓಡತ್ತೆ," ಎಂದರು. ಕಡಿಮೆ ಮಾಡಿದಳು. ಮುಖಗಳೆಲ್ಲ ನೀರಲ್ಲಿ ನೆನೆದ ಪತ್ರಿಕೆಯಂತಾದವು.

"ಫೋಕಸ್!" ಎಂದು ಮಾವ ಮನೆ ಹಾರುವಂತೆ ಕೂಗಿದರು. "ಫೋಕಸ್ ಹೋಗಿದೆ, ಯಾವನಯ್ಯ ಅವ್ನು ಒಳಗಿರೋನು?"

ಅವಳಿಗೆ ನಗು ಬಂತು. ಮತ್ತೆ ಮೊದಲಿನಂತೆ ಮಾಡಿದಳು. ಚಕ್ರವೂ ಮರಳಿತು.

ಶನಿವಾರ ಕೊನೆಗೂ ಕಂಪನಿಯಿಂದ ಒಬ್ಬ ಬಂದ. ಸದಾ ಹೆಗಲ ಮೇಲೆ ಏಣಿ ಹೊತ್ತು ತಿರುಗುವವನಾದ್ದರಿಂದ ಬೀದಿಯಲ್ಲಿ ಅವನಿಗೆ ಏಣಿಯಣ್ಣ ಎಂದೇ ಹೆಸರು. ಹೊರಗಿನಿಂದ ಬರುವ ಕೇಬಲ್ಲು ಪರೀಕ್ಷಿಸಿದ. ಫೋನಿನಲ್ಲಿ ವೇಗ ಅಳೆದ. ತಲೆ ಕೆರೆದುಕೊಂಡ.

"ಲೈನು ಚೆನ್ನಾಗಿದೆಯಲ್ಲಮ್ಮ. ಮನೆ ಬಾಗಿಲವರೆಗೆ ಕುದುರೆ ಥರ ಬರ್ತಿದೆ, ಟಿವಿ ಹತ್ರ ಬರೋವಾಗ ಕುಂಟ್ತಿದೆ. ಪೆಟ್ಟಿಗೆ ಎಲ್ಲಿಟ್ಟಿದೀರಿ?"

"ಅಡುಗೆಮನೇಲಿ."

"ಅಡುಗೆಮನೇಲಿ ಎಲ್ಲಿ?"

ಅವಳು ಕಪಾಟು ತೆರೆದಳು. ಎರಡನೆಯ ಹಲಗೆಯ ಹಿಂದೆ ಸ್ಟೀಲಿನ ದೊಡ್ಡ ಡಬ್ಬ. ಅದರ ಬದಿಗೆ ಮೊಳೆಯಿಂದ ತೂತು ಕೊರೆದು ವೈರುಗಳನ್ನು ಒಳಗೆ ಬಿಟ್ಟಿದ್ದಳು. ಮುಚ್ಚಳ ತೆಗೆದಳು. ಒಳಗೆ, ಒಂದಿಷ್ಟು ಹಳೆಯ ಹಿಟ್ಟು ಮೆತ್ತಿಕೊಂಡು, ಇಂಟರ್ನೆಟ್ ಪೆಟ್ಟಿಗೆ ಮಿಣುಕುತ್ತಿತ್ತು.

ಏಣಿಯಣ್ಣ ಬಗ್ಗಿ ಡಬ್ಬದೊಳಗೆ ನೋಡಿದ.

"ಇಷ್ಟು ವರ್ಷದಲ್ಲಿ ಏನೇನೋ ನೋಡಿದೀನಿ. ಮೀನಿನ ತೊಟ್ಟಿ ಹಿಂದೆ ಇಟ್ಟೋರನ್ನ ನೋಡಿದೀನಿ, ಮಂಚದ ಕೆಳಗೆ ಇಟ್ಟೋರನ್ನ ನೋಡಿದೀನಿ. ಇಂಟರ್ನೆಟ್ಟನ್ನ ಹಿಟ್ಟಿನ ಡಬ್ಬದಲ್ಲಿ ತುಂಬಿಟ್ಟೋರು ನೀವೇ ಮೊದಲು."

"ಮಾವ ಕೀಳ್ತಾರೆ ಅಂತ..."

"ಲೋಹ ಕಣಮ್ಮ ಇದು. ಅಲೆ ಹೊರಗೆ ಬರೋದು ಹೆಂಗೆ? ಅದರ ಮೇಲೆ ಕಪಾಟಿನ ಬಾಗಿಲು, ಅದರ ಮೇಲೆ ಗೋಡೆ. ಪಾಪ, ಇಷ್ಟಾದ್ರೂ ತೂರ್ಕೊಂಡು ಬರ್ತಿತ್ತಲ್ಲ, ಅದೇ ದೊಡ್ಡದು."

ಅವಳಿಗೆ ನಗಲೂ ಆಗಲಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಚಕ್ರ ಬಂದಿತೆಂದು ಮಾವ ಪೆಟ್ಟಿಗೆ ಕಿತ್ತರು, ಕಿತ್ತರೆಂದು ಇವಳು ಬಚ್ಚಿಟ್ಟಳು, ಬಚ್ಚಿಟ್ಟದ್ದಕ್ಕೆ ಚಕ್ರ ಹೆಚ್ಚಿತು, ಹೆಚ್ಚಿದ್ದಕ್ಕೆ ಮಾವ ಕತ್ತರಿ ಹಿಡಿದರು. ಆ ಬೆರಳಿನ ಬೊಬ್ಬೆ ತನ್ನ ಕೈಯ ಕೆಲಸವೇ ಎಂದು ಅವಳಿಗೆ ಅನ್ನಿಸಿತು.

ಏಣಿಯಣ್ಣ ಪೆಟ್ಟಿಗೆಯನ್ನು ಒರೆಸಿ ಹಜಾರದ ಗೋಡೆಯಲ್ಲಿ, ಯಾರ ಕೈಗೂ ಎಟುಕದಷ್ಟು ಮೇಲೆ ಕೂರಿಸಿದ. ಅದರ ದೀಪಗಳಿಗೆ ಕಪ್ಪು ಟೇಪು ಅಂಟಿಸಿದ. ಅಲ್ಲಿಂದ ಟಿವಿಗೆ ನೇರವಾಗಿ ಒಂದು ವೈರು ಎಳೆದು, ಗೋಡೆಯುದ್ದಕ್ಕೂ ಪಟ್ಟಿಯೊಳಗೆ ಮುಚ್ಚಿದ.

"ಇನ್ನು ಗಾಳಿಯ ಹಂಗೇ ಇಲ್ಲ. ಒಂದು ಸಿನಿಮಾ ಮುಗಿದ್ರೆ ಇನ್ನೊಂದು ತಾನಾಗೇ ಶುರುವಾಗತ್ತೆ. ಚಕ್ರ ನೋಡ್ಬೇಕು ಅನ್ಸಿದ್ರೆ ಬೀದಿಗೆ ಹೋಗಿ ಸೈಕಲ್ಲಿಂದು ನೋಡ್ಬೇಕು."

ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೇ ಅತ್ತಿಗೆ ಬಂದಳು. ಚಪ್ಪಲಿ ಬಿಟ್ಟವಳೇ ತಂದೆಯ ಬೆರಳು ಹಿಡಿದು ನೋಡಿದಳು. ಮಾವ ಕೈ ಬಿಡಿಸಿಕೊಂಡು, "ಅಡ್ಡ ನಿಲ್ಬೇಡಿ," ಎಂದರು. ಮಗಳಿಗೆ ಬಹುವಚನ, ಹೊರಗಿನವರಿಗೆ ಹೇಳುವ ಹಾಗೆ. ಅತ್ತಿಗೆ ಪಕ್ಕದ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಬಸ್ಸಿಗೆ ಕಾಯುವವಳ ಹಾಗೆ.

ಸಿನಿಮಾ ಬೆಣ್ಣೆಯಲ್ಲಿ ಕೂದಲೆಳೆದಂತೆ ಓಡಿತು. ಮುಗಿಯಿತು. ಮುಗಿದ ಮರುಕ್ಷಣವೇ ಇನ್ನೊಂದು ಶುರುವಾಯಿತು. ಸೊಸೆ ಚಹಾ ತಂದುಕೊಟ್ಟಳು.

"ಸರಿ ಮಾಡಿಸಿದೀಯ," ಎಂದಳು ಅತ್ತಿಗೆ. ಅವಳ ಬಾಯಲ್ಲಿ ಅದು ಹೊಗಳಿಕೆಯೇ.

"ಒಂದು ಸಲಾನೂ ನಿಂತಿಲ್ಲ ಅತ್ತಿಗೆ, ನಿನ್ನೆಯಿಂದ."

"ನಿನ್ನೆ ರಾತ್ರಿ ಊಟ ಮಾಡಿದ್ರಾ?"

"ಕರೆಂಟ್ ಹೋಗಿತ್ತು ಸ್ವಲ್ಪ ಹೊತ್ತು. ಆಗ ಮಾಡಿದ್ರು."

ಹೇಳಿದ ಮೇಲೆ ಅವಳಿಗೇ ಯಾಕೋ ಇರುಸುಮುರುಸಾಯಿತು. ಅಡುಗೆಮನೆಗೆ ಹೋಗಿ ಮಾವನ ತಟ್ಟೆ ತಂದಳು. ಬೆಳಗಿನಿಂದ ಅವರು ಒಂದು ತುತ್ತೂ ತಿಂದಿರಲಿಲ್ಲ.

"ಮಾವ, ತಿಂಡಿ."

"ಆಟ ನಡೀತಿದೆ."

"ಒಂದೇ ಒಂದು ತುತ್ತು."

"ಆಟ ನಡೀತಿದೆ ಅಂತ ಹೇಳ್ತಿದೀನಿ!"

ಕಣ್ಣು ಆ ಮೂಲೆಯನ್ನು ಬಿಟ್ಟು ಕದಲಲಿಲ್ಲ. ಅವಳು ಗಮನಿಸಿದಳು: ಅವರ ಮೊಣಕಾಲು ಸಣ್ಣಗೆ ನಡುಗುತ್ತಿತ್ತು. ಎಡಗೈ ಕುರ್ಚಿಯ ತೋಳನ್ನು ಬೆರಳು ಬಿಳಿಚಿಕೊಳ್ಳುವಂತೆ ಹಿಡಿದಿತ್ತು. ಹಣೆಯಲ್ಲಿ ಬೆವರು.

ಆಗ ಅವಳಿಗೆ ಹೊಳೆಯಿತು. ಇಷ್ಟು ದಿನ ಮಾವ ನೀರು ಕುಡಿದದ್ದು ಚಕ್ರ ಬಂದಾಗ. ಉಂಡದ್ದು ಚಕ್ರ ಬಂದಾಗ. ಬಚ್ಚಲಿಗೆ ಕೈ ಹಿಡಿದು ಕರೆದುಕೊಂಡು ಹೋದದ್ದೂ, ಔಷಧಿ ಕೊಟ್ಟದ್ದೂ, ಅಂಗಿ ಬದಲಿಸಿದ್ದೂ, ಎಲ್ಲ ಆ ಗಲಾಟೆ ತಣ್ಣಗಾದ ಮೇಲಿನ ಬಿಡುವಿನಲ್ಲಿ. ದಿನದ ಕೆಲಸವನ್ನೆಲ್ಲ ತಾನು ಆ ಹಾಳು ಚಕ್ರಕ್ಕೇ ನೇತುಹಾಕಿದ್ದೆನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅದನ್ನು ಕಿತ್ತೆಸೆದಾಗ ಉಳಿದದ್ದೆಲ್ಲ ಅದರ ಜೊತೆಗೇ ಹೋಗಿತ್ತು.

"ಮಾವ, ಬಚ್ಚಲಿಗೆ ಹೋಗ್ಬೇಕಾ? ಬನ್ನಿ, ಎದ್ದೇಳಿ."

"ಯಂತ್ರ ಬಿಟ್ಟು ಎಲ್ಲಿಗೆ ಬರ್ಲಿ?"

"ನಾನು ನೋಡ್ಕೋತೀನಿ ಯಂತ್ರ."

"ಯಾರಮ್ಮ ನೀನು? ಕ್ಯಾಬಿನ್ನಿಗೆ ಹೊರಗಿನೋರು ಬರ್ಬಾರ್ದು. ಹೋಗು, ಹೋಗು!"

ಅಷ್ಟರಲ್ಲಿ ಕುರ್ಚಿಯ ಮೇಲೆ ಹಾಸಿದ್ದ ದುಪ್ಪಟಿಯಿಂದ ನೆಲಕ್ಕೆ ಹನಿಯತೊಡಗಿತು.

ಅತ್ತಿಗೆ ಎದ್ದು ನಿಂತಳು. ಮಾವನಿಗೆ ಗೊತ್ತಾಯಿತು. ಅದೇ ದೊಡ್ಡ ಸಂಕಟ. ಏನು ಮರೆತರೂ ಮಾನ ಮರೆಯುವುದಿಲ್ಲವಲ್ಲ. ಅವರ ಮುಖ ಸಣ್ಣ ಮಗುವಿನದರಂತೆ ಕುಗ್ಗಿತು. ಆದರೂ ಕಣ್ಣು ಪರದೆಯಿಂದ ಕೀಳಲಿಲ್ಲ, ಕುರ್ಚಿ ಬಿಟ್ಟು ಏಳಲಿಲ್ಲ. ಚುಕ್ಕೆ ಮಿಂಚಿತು. ಒದ್ದೆಯಲ್ಲಿ ಕೂತೇ ಬಲಗೈಯಿಂದ ಗಾಳಿಯನ್ನು ತಿರುಗಿಸಿದರು.

"ಇದಾ ನೀನು ಸರಿ ಮಾಡಿಸಿದ್ದು?" ಅತ್ತಿಗೆ ಕೈಚೀಲವನ್ನು ಕುರ್ಚಿಗೆ ಎಸೆದಳು. "ನಿಲ್ಲಿಸೇ ಆ ಟಿವೀನ!"

ಸೊಸೆ ರಿಮೋಟು ಕೈಗೆತ್ತಿಕೊಂಡಳು. ಒತ್ತಲಿಲ್ಲ. ನಿಲ್ಲಿಸಿದರೆ ಬೆಂಕಿ ಎಂದು ಎದ್ದು ವೈರಿಗೆ ಕೈ ಹಾಕುತ್ತಾರೆ. ಅತ್ತಿಗೆ ಹೇಳಿದ ಆ ಒಂದೇ ಒಂದು ಸಲ. ನಾಳೆ ಸೋಮವಾರ. ನಿಲ್ಲಿಸದಿದ್ದರೆ ಹಸಿದುಕೊಂಡು, ಒದ್ದೆಯಲ್ಲಿ, ನಡುಗುತ್ತ ಇಲ್ಲೇ ಕೂತಿರುತ್ತಾರೆ. ಈ ಸಿನಿಮಾ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು.

"ಅತ್ತಿಗೆ," ಎಂದಳು. "ಆಗ ಎದ್ದು ಬರ್ತಿದ್ರಲ್ಲ, ಟಾಕೀಸಲ್ಲಿದ್ದಾಗ. ಹೆಂಗೆ ಬರ್ತಿದ್ರು? ನೀವು ನೋಡಿರ್ತೀರಿ."

"ನಾನೇನು ನೋಡಿದೀನಿ? ಬಾಗಿಲು ನೋಡಿದೀನಿ." ಅತ್ತಿಗೆ ಸಿಡುಕಿದಳು. "ಶಾಲೆಯಿಂದ ಬಂದು ಬುತ್ತಿ ತಗೊಂಡು ಹೋಗ್ತಿದ್ದೆ. ಒಳಗೆ ಬಿಡ್ತಿರ್ಲಿಲ್ಲ. ಕಬ್ಬಿಣದ ಬಾಗಿಲು, ಮುಟ್ಟಿದ್ರೆ ಬಿಸಿ. ಮೆಟ್ಟಿಲ ಮೇಲೆ ಬುತ್ತಿ ಇಟ್ಕೊಂಡು ನಿಂತಿರ್ತಿದ್ದೆ. ಒಂದು ದಿನ ಕೂಡ ಆಟ ಬಿಟ್ಟು ಎದ್ದು ಬರ್ಲಿಲ್ಲ ಈ ಮನುಷ್ಯ. ನಾನು ಜ್ವರದಲ್ಲಿ ನಿಂತಿದ್ದಾಗಲೂ ಬರ್ಲಿಲ್ಲ."

"ಕೊನೆಗೆ ಬರ್ತಿದ್ರಲ್ಲ?"

"ಇಂಟರ್‌ವೆಲ್ಲಿಗೆ..." ಎಂದವಳು ಅಲ್ಲಿಗೇ ನಿಂತಳು. ಸಿಟ್ಟು ಮುಖದ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ಬೇರೆಲ್ಲೋ ಹೋಯಿತು. "ಮೊದಲು ಬೆಲ್ಲು ಹೊಡೀತಿದ್ರು. ಆಮೇಲೆ ಹಾಲಿನ ದೀಪ ಹತ್ತೋದು. ಅದಾದ ಮೇಲೇ ಚಿತ್ರ ಆರ್ಸೋದು. ಚಿತ್ರ ಮೊದಲು ಹೋದ್ರೆ ಅದು ಅಪಾಯ. ದೀಪ ಮೊದಲು ಬಂದ್ರೆ ಇಂಟರ್‌ವೆಲ್ಲು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅತ್ತಿಗೆ ಬರಿಗಾಲಲ್ಲೇ ಹೊರಗೆ ನಡೆದು ಮುಂಬಾಗಿಲು ಎಳೆದುಕೊಂಡಳು. ಕರೆಗಂಟೆ ಬಾರಿಸಿದಳು. ಸುಮ್ಮನೆ ಅತಿಥಿ ಒತ್ತುವ ಹಾಗಲ್ಲ, ಉದ್ದಕ್ಕೆ, ಬಿಡದೆ. ಸೊಸೆ ಹಜಾರದ ದೀಪಗಳನ್ನೆಲ್ಲ ಹಾಕಿದಳು. ಕಿಟಕಿಯ ಪರದೆ ಸರಿಸಿದಳು. ಬೆಳಕು ಒಳನುಗ್ಗಿ ಟಿವಿಯ ಚಿತ್ರ ತೆಳುವಾಯಿತು. ಮಾವ ತಲೆಯೆತ್ತಿ ಸೂರಿನ ದೀಪ ನೋಡಿದರು. ಅವರ ಹೆಗಲು ಸ್ವಲ್ಪ ಇಳಿಯಿತು. ಸೊಸೆ ರಿಮೋಟಿನ ಗುಂಡಿ ಒತ್ತಿದಳು.

ಪರದೆ ಕಪ್ಪಾಯಿತು. ಮಾವ ಕೂಗಲಿಲ್ಲ. ಗಾಳಿಯಲ್ಲಿ ಏನನ್ನೋ ಕೆಳಕ್ಕೆಳೆದು, ಏನನ್ನೋ ಮುಚ್ಚಿ, ಕೈಗಳನ್ನು ತೊಡೆಗೆ ಒರೆಸಿಕೊಂಡರು. ಅಲ್ಲಿ ಒದ್ದೆಯಿತ್ತು, ಒಂದು ಗಳಿಗೆ ಕೈಯನ್ನೇ ನೋಡಿದರು. ಆಮೇಲೆ ಕುರ್ಚಿಯ ತೋಳು ಒತ್ತಿ, ಯಾರ ಆಸರೆಯೂ ಇಲ್ಲದೆ ಎದ್ದು, ನಿಧಾನಕ್ಕೆ ಬಾಗಿಲಿನ ಕಡೆ ನಡೆದರು. ವೈರುಗಳ ಕಡೆ ತಿರುಗಿಯೂ ನೋಡಲಿಲ್ಲ. ಸೊಸೆ ಹಿಂದೆಯೇ ಹೋದಳು.

ಬಾಗಿಲು ತೆರೆದರೆ ಅತ್ತಿಗೆ ಹೊಸ್ತಿಲಾಚೆ ನಿಂತಿದ್ದಳು, ಬೆರಳು ಇನ್ನೂ ಗಂಟೆಯ ಮೇಲೆ. ಒಳಗೆ ಹೆಜ್ಜೆಯಿಟ್ಟಿರಲಿಲ್ಲ.

ಮಾವ ಅವಳನ್ನು ದಿಟ್ಟಿಸಿದರು.

"ಎಷ್ಟು ಹೊತ್ತಿಂದ ನಿಂತಿದೀಯ?"

ಅತ್ತಿಗೆ ಗಂಟೆಯಿಂದ ಬೆರಳು ತೆಗೆದಳು. "ಈಗ ಬಂದೆ ಅಪ್ಪ," ಎಂದಳು.

ಅವರನ್ನು ಬಚ್ಚಲಿಗೆ ಕರೆದುಕೊಂಡು ಹೋದದ್ದು ಅತ್ತಿಗೆಯೇ. "ಬಿಡು, ದಿನಾ ಇದೇ ಕೆಲಸ ನಂದು, ಲ್ಯಾಬಲ್ಲಿ ಬಾಟ್ಲಿಯಲ್ಲಿ ಬರತ್ತೆ ಅಷ್ಟೇ," ಎಂದಳು. ನಗಿಸಲು ಹೇಳಿದ್ದು, ಇಬ್ಬರಿಗೂ ನಗು ಬರಲಿಲ್ಲ. ಒಗೆದ ಬಟ್ಟೆ ಉಟ್ಟು ಮಾವ ಹಿತ್ತಿಲ ಬಾಗಿಲ ಬಳಿ ಕೂತು ತಟ್ಟೆ ಖಾಲಿ ಮಾಡಿದರು. "ದ್ವಿತೀಯಾರ್ಧ ಶುರು ಮಾಡ್ಲಾ?" ಎಂದು ಯಾರನ್ನೋ ಕೇಳಿದರು. ಕೂತಲ್ಲೇ ತೂಕಡಿಸಿದರು.

ಅತ್ತಿಗೆ ಫೋನು ತೆಗೆದಳು. ಸೊಸೆ ಹಿತ್ತಿಲ ನಲ್ಲಿಯಡಿ ಆ ದುಪ್ಪಟಿ ಒಗೆಯುತ್ತಿದ್ದಳು. ನಲ್ಲಿ ಸಣ್ಣಗೆ ಮಾಡಿದಳು.

"ಹ್ಞಾಂ, ನಾಳೆ ಬರ್ತಿಲ್ಲ... ಇಲ್ಲ, ಆರೋಗ್ಯವಾಗಿದಾರೆ... ಹಾಸಿಗೆ ಬೇರೆಯವರಿಗೆ ಕೊಡಿ." ಆ ಕಡೆಯವರು ಏನೋ ಕೇಳಿರಬೇಕು. ನಿದ್ದೆಯಲ್ಲಿ ಬಾಗಿದ ತಂದೆಯ ತಲೆಯನ್ನು ನೋಡುತ್ತ, "ಬೇಡ, ಹೆಸರು ತೆಗೀಬೇಡಿ. ಹೆಸರು ಇರ್ಲಿ," ಎಂದಳು.

ಸೊಸೆ ನಲ್ಲಿ ನಿಲ್ಲಿಸಿದಳು. ದುಪ್ಪಟಿಯನ್ನು ಒಬ್ಬಳೇ ಹಿಂಡಲು ನೋಡಿದಳು. ನೆನೆದು ಭಾರವಾಗಿತ್ತು, ಕೈಯಿಂದ ಜಾರುತ್ತಿತ್ತು. ಅತ್ತಿಗೆ ಬಂದು ಇನ್ನೊಂದು ತುದಿ ಹಿಡಿದಳು.

"ಕೋಪ ಬಂತಾ?"

"ಇಲ್ಲ ಅತ್ತಿಗೆ."

"ಸುಳ್ಳಾಡ್ಬೇಡ. ನಂಗೆ ಸುಳ್ಳು ಬೇಗ ಗೊತ್ತಾಗತ್ತೆ."

"ಒಂಚೂರು ಬಂತು."

"ಬರ್ಲಿ. ಇವತ್ತು ದೀಪ, ಬೆಲ್ಲು ನೆನಪಿದೆ ಅವರಿಗೆ. ನಾಳೆ ಅದೂ ಹೋಗತ್ತೆ. ಆಗ ನೀನು ಇದೇ ಥರ ಒಬ್ಳೇ ಹಿಂಡ್ತಾ ನಿಂತಿರ್ತೀಯ, ಬಾಯಿ ಬಿಡಲ್ಲ. ಹಿಟ್ಟಿನ ಡಬ್ಬ ಹುಡುಕ್ತೀಯ."

ಏಣಿಯಣ್ಣ ಅತ್ತಿಗೆಗೂ ಹೇಳಿಬಿಟ್ಟಿದ್ದನೆ? ಬೀದಿಯಲ್ಲಿ ಯಾರಿಗೆ ತಾನೇ ಹೇಳಿರಲಿಲ್ಲ!

"ಆಗಲ್ಲ ಅನ್ಸಿದ ದಿನ ಹೇಳು," ಎಂದಳು ಅತ್ತಿಗೆ. "ಆಗಲ್ಲ ಅನ್ನೋದು ತಪ್ಪಲ್ಲ."

ಸೊಸೆ ತನ್ನ ತುದಿಯನ್ನು ಬಿಗಿಯಾಗಿ ಹಿಡಿದು ತಿರುಚಿದಳು, ಆ ಕಡೆಯಿಂದ ಅತ್ತಿಗೆ ತಿರುಚಿದಳು. ನೀರು ಇಬ್ಬರ ಪಾದದ ಮೇಲೂ ಸುರಿಯಿತು.

"ಇನ್ನೂ ಇದೆ," ಎಂದಳು ಅತ್ತಿಗೆ. "ಇನ್ನೊಂದ್ಸಲ."